ಬೆನ್ನು ಗೋಡೆಗೆ

ನಜರಬಾದಿನ ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು.
ನನ್ನದು ಗೋಡೆಗೆ ತಾಗಿತು,
ಮೂರು ಭಾನುವಾರ, ಮೂರು ಸಲ.
ತೊಂಬತ್ತರ ಲೆನ್ಸು ಹಾಕಿ
ಸುಣ್ಣ ಅಂಗಿಗೆ ಮೆತ್ತುವಷ್ಟು ಹಿಂದೆ ಸರಿದರೂ
ಎಡಕ್ಕೆ ಗದೆ ಬಂದರೆ ಬಲಕ್ಕೆ ಉಸ್ತಾದರು ಅರ್ಧ.
"ಗೋಡೆ ಒಡೆಸಲಾ?" ಅಂದರು ಪುಟ್ಟಮಾದಪ್ಪನವರು.
ನಗಲಿಲ್ಲ. ಒಡೆಸಿಯೂ ಬಿಡುವ ಆಸಾಮಿ.

ಒಂಟಿಕೊಪ್ಪಲಿನ ವಿಮಲಾಕ್ಷಮ್ಮ
ತೀರಿಹೋದ ಅಣ್ಣನ ಲೆನ್ಸುಗಳನ್ನು
ಅವಲಕ್ಕಿ ಡಬ್ಬದಲ್ಲಿ ಇಟ್ಟಿದ್ದರು,
ತೇವ ಎಳೆಯಲೆಂದು ತಳಕ್ಕೆ ಒಂದು ಹಿಡಿ ಅಕ್ಕಿ.
"ಎರಡೂ ಒಂದೇ ಥರ, ಯಾವುದಾದರೂ ತಗೊಳ್ಳಿ."
ಒಂದೇ ಥರ ಇರಲಿಲ್ಲ.
ಎಪ್ಪತ್ತೈದು, ಕಿಟಕಿಗೆ ಹಿಡಿದರೆ ಈಗಷ್ಟೇ ತೊಳೆದಿಟ್ಟಂತೆ.
ಅರವತ್ತೈದರ ಅಂಚಿನಲ್ಲಿ ಬೂಷ್ಟು,
ಜೇಡ ಒಂದು ರಾತ್ರಿ ತಂಗಿ ಹೋದಂತೆ;
ಮುಂಗಾಜಿನ ಮೇಲೆ ಉಗುರಿನ ಗೀರು.
ಜೇಬಿನ ಚೀಟಿ ತೆಗೆದೆ: ಉದ್ದ ಹದಿನೆಂಟಡಿ, ಅಗಲ ಹನ್ನೆರಡು,
ಅದರಲ್ಲಿ ಕ್ಯಾಮೆರಾಕ್ಕೂ ನನಗೂ ಸೇರಿ ಎರಡು.
ಚೀಟಿ ಅರವತ್ತೈದು ಎಂದಿತು.
ಒಳ್ಳೆಯದನ್ನು ಅಕ್ಕಿಯೊಳಗೆ ವಾಪಸು ಹುಗಿದು ಬಂದೆ.

ಇನ್ನು ಕೂರಿಸುವ ಪಾಡು.
ಇಂಥ ಲೆನ್ಸು ಹಿಂದಿನ ಗಾಜಿಗೆ ಅಂಟಿಕೊಂಡೇ ಇರಬೇಕು,
ಕಿವುಡಜ್ಜ ರೇಡಿಯೋ ಪಕ್ಕ ಕೂರುವ ಹಾಗೆ.
ನನ್ನ ಕ್ಯಾಮೆರಾದ ತಿದಿ ಅಷ್ಟು ಮಡಚದು.
ಉಂಡ ಮೇಲೆ ಬಗ್ಗಿದವನಂತೆ
ನಡುದಾರಿಯಲ್ಲೇ ನಿಂತು ಏದುಸಿರು.

ಮಂಡಿ ಮೊಹಲ್ಲಾದ ಲೇತ್ ಅಂಗಡಿ.
ಮಕ್ಬೂಲ್ ಸಾಬರು ಹಳೇ ಹಲಗೆ ತಿರುವಿ ನೋಡಿ
"ಅಂದರೆ ನಿಮಗೆ ಇಡ್ಲಿ ತಟ್ಟೆ ಬೇಕು," ಎಂದರು.
ಹೌದು ಸಾಬರೇ, ಗುಳಿ ಬಿದ್ದ ಹಲಗೆ, ಒಂದೇ ಇಡ್ಲಿಯದು,
ಆಳ ಹದಿನೆಂಟು ಮಿಲಿಮೀಟರು,
ನಡುವಿನ ತೂತು ಮೂವತ್ತನಾಲ್ಕೂವರೆ, ಮೇಲೊಂದು ಕೂದಲು.
"ಯಾರ ಕೂದಲು? ನನ್ನದೋ, ಮೊಮ್ಮಗಳದೋ?"
ಮೊಮ್ಮಗಳದು ಎಂದೆ.

ಲೆನ್ಸನ್ನು ಎರಡಾಗಿ ಬಿಚ್ಚಿ
ಮುಂದಿನ ಅರ್ಧ ಹೊರಗಿಂದ, ಹಿಂದಿನದು ಒಳಗಿಂದ,
ನಡುವೆ ಬಿಗಿಯುವ ರಿಂಗು.
ಸ್ಪ್ಯಾನರ್ ಇರಲಿಲ್ಲ,
ಮಗಳ ಜಾಮಿಟ್ರಿ ಬಾಕ್ಸಿನ ಡಿವೈಡರ್ ಸಾಕಾಯಿತು.
(ಅದರ ಒಂದು ಮೊನೆ ಸೊಟ್ಟಗಾಗಿದೆ, ಅವಳಿಗಿನ್ನೂ ಹೇಳಿಲ್ಲ.)
ಗುಳಿಯೊಳಗೆ ಬೆರಳು ಹೋಗದು.
ಕಿಂಡಿ ಕಿರಿದು ಮಾಡುವ ಕಡ್ಡಿಯನ್ನು
ಉರಿದು ಮುಗಿದ ಊದುಬತ್ತಿಯಲ್ಲಿ ತಳ್ಳಿದೆ, ಇಪ್ಪತ್ತೆರಡಕ್ಕೆ.

ನಾಲ್ಕನೇ ಭಾನುವಾರ, ಕರಿಬಟ್ಟೆಯೊಳಗೆ ತಲೆ.
ಎಣ್ಣೆ, ಅರಿಶಿನ, ನಿನ್ನೆಯ ಬೆವರು, ಎಲ್ಲ ಮೂಗಿಗೆ.
ಗಾಜಿನಲ್ಲಿ ಮೇಲೆ ಕೆಮ್ಮಣ್ಣು,
ಅದರಿಂದ ಜೋತುಬಿದ್ದ ಹನ್ನೊಂದು ಜನ,
ಕೆಳಗೆ ತೊಲೆ, ಹೆಂಚು, ಹೆಂಚಿನ ಸಂದಿಯ ಬಿಸಿಲು.
ಗದೆ ಬಂತು. ಉಸ್ತಾದರು ಬಂದರು, ಪೂರ್ತಿ.
ಕ್ಯಾಮೆರಾದ ಸ್ವಂತ ನಾಲಿಗೆಯೂ ಬಂದುಬಿಟ್ಟಿತ್ತು;
ಮುಂದಿನ ಹಲಗೆ ತಗ್ಗಿಸಿ ಅದನ್ನು ಒಳಗೆ ಹಾಕಿದೆ.

ಇದು ಮೂಲೆಗಳನ್ನು ಕಪ್ಪಾಗಿಸುತ್ತೆ,
ಅಂಚಿನಲ್ಲಿ ನಿಂತವರನ್ನು ಅಗಲ ಮಾಡುತ್ತೆ, ಎಂದೆ.
ಆಮೇಲೆ ಜಗಳ ಬೇಡ ನೋಡಿ.
ಉಸ್ತಾದರು ಮೀಸೆ ಸವರಿ,
ಸೇರಿ ಹದಿನೈದು ದಿನವಾಗಿದ್ದ ಕಡ್ಡಿ ಪೈಲ್ವಾನ್ ಚೇತುವನ್ನು
ಬಲದ ತುದಿಗೆ ಕಳಿಸಿದರು.
"ಅಲ್ಲೇ ನಿಲ್ಲು. ಮಣ್ಣು ಕೊಡೋಕೆ ಎರಡು ವರ್ಷ ಬೇಕು,
ಗಾಜು ಇವತ್ತೇ ಕೊಡುತ್ತಂತೆ."

ಎಂಟು ಸೆಕೆಂಡು.
ಹನ್ನೊಂದು ಎದೆಗಳೂ ಬಿಗಿ ಹಿಡಿದವು.
ಹೊಸ್ತಿಲ ಮೇಲಿನ ನಾಯಿಗೆ ಯಾರೂ ಹೇಳಿರಲಿಲ್ಲ,
ನೆಗೆಟಿವಿನಲ್ಲಿ ಅದಕ್ಕೆ ಮೂರು ಬಾಲ.

ಆ ರಿಂಗು ತಿರುಗಿಸಿದರೆ ಈಗಲೂ ಕರಕರ, ಕೆಮ್ಮಣ್ಣು.
ಗದೆಯ ಮೂಲೆ ನಾನು ಹೆದರಿದಷ್ಟು ಕಪ್ಪಾಗಲಿಲ್ಲ.
ಮೊನ್ನೆ ಚೇತು ಬಂದಿದ್ದ,
ಚಪ್ಪಲಿ ಹೊರಗೆ ಬಿಟ್ಟು, ಇನ್ನೊಂದು ಪ್ರಿಂಟು ಕೇಳಲು.
ಪೂರ್ತಿ ಬೇಡವಂತೆ.
ಬಲದ ಅಂಚಿನ ಮೂರಿಂಚು ಸಾಕಂತೆ.